ಯಾವ ವರ್ಗದಲ್ಲಿ ಮಾರಬೇಕು? ಅಮೆರಿಕ ಸರ್ಕಾರದ ತಂತ್ರಜ್ಞಾನ ಗುತ್ತಿಗೆಗಳ ಹಿನ್ನೆಲೆ

2004ರ ಏಪ್ರಿಲ್ ಕೊನೆಯಲ್ಲಿ ಇರಾಕ್‌ನ ಅಬು ಘ್ರೈಬ್ ಜೈಲಿನ ಚಿತ್ರಗಳು ಜಗತ್ತಿನ ಮುಂದೆ ಬಂದವು. ಕೈದಿಗಳ ವಿಚಾರಣೆಯಲ್ಲಿ ಅಮೆರಿಕದ ಸೈನಿಕರ ಜೊತೆ ಖಾಸಗಿ ಕಂಪನಿಯ ನೌಕರರೂ ಇದ್ದರೆಂಬುದು ಅದರ ಬೆನ್ನಲ್ಲೇ ಬಯಲಾಯಿತು. ಅವರನ್ನು ಯಾವ ಗುತ್ತಿಗೆಯಡಿ ಕರೆಸಲಾಗಿತ್ತು ಎಂದು ಕಡತ ಬಿಚ್ಚಿದ ತನಿಖಾಧಿಕಾರಿಗಳಿಗೆ ಸಿಕ್ಕಿದ್ದು ಮಾಹಿತಿ ತಂತ್ರಜ್ಞಾನ ಸೇವೆಗಳಿಗೆಂದು ಮಾಡಿಕೊಂಡಿದ್ದ ಒಂದು ದರ ಒಪ್ಪಂದ. ಅದನ್ನು ನಿಭಾಯಿಸುತ್ತಿದ್ದುದು ಅರಿಜೋನಾದ ಒಂದು ಖರೀದಿ ಕಚೇರಿ. ಆ ಕಚೇರಿ ಸೇರಿದ್ದು ಸೇನೆಗಲ್ಲ, ರಾಷ್ಟ್ರೀಯ ಉದ್ಯಾನಗಳನ್ನೂ ಸರ್ಕಾರಿ ಭೂಮಿಯನ್ನೂ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಗೆ.

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2005ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಇದರ ವಿವರಗಳಿವೆ. ಸೇನೆಯ ಕೋರಿಕೆಯಂತೆ ಇಂಟೀರಿಯರ್ ಇಲಾಖೆ ಸಿಎಸಿಐ ಎಂಬ ಕಂಪನಿಗೆ 11 ಕಾರ್ಯಾದೇಶಗಳನ್ನು ಕೊಟ್ಟಿತ್ತು. ಒಟ್ಟು ಮೌಲ್ಯ 6.6 ಕೋಟಿ ಡಾಲರ್‌ಗೂ ಹೆಚ್ಚು. ವಿಚಾರಣೆಯಂಥ ಕೆಲಸ ಆ ಒಪ್ಪಂದದ ವ್ಯಾಪ್ತಿಯೊಳಗೆ ಬರುವುದೇ ಇಲ್ಲ ಎಂದು ಜಿಎಒ ಹೇಳಿತು. ಇದು ಹೇಗಾಯಿತು ಎನ್ನುವುದಕ್ಕೆ ವರದಿ ತೋರಿಸಿದ ಕಾರಣಗಳು ತೀರಾ ಸಾಮಾನ್ಯವಾದವು. ಸೇನೆಗೆ ಅವಸರವಿತ್ತು, ಒಪ್ಪಂದ ಸಿದ್ಧವಾಗಿ ಕೈಗೆ ಸಿಗುವಂತಿತ್ತು, ಆದೇಶ ಹೊರಡಿಸುವ ಕಚೇರಿಗೆ ಪ್ರತಿ ಆದೇಶದಿಂದಲೂ ಸೇವಾ ಶುಲ್ಕ ಬರುತ್ತಿತ್ತು. ವ್ಯಾಪ್ತಿಯನ್ನು ಯಾರೂ ಕೂತು ಓದಲಿಲ್ಲ.

ಸರ್ಕಾರಕ್ಕೆ ತಂತ್ರಜ್ಞಾನ ಸೇವೆ ಮಾರಹೊರಟವರು ಗುತ್ತಿಗೆಯ ವರ್ಗವನ್ನು ಅರ್ಜಿಯಲ್ಲಿ ತುಂಬಬೇಕಾದ ಇನ್ನೊಂದು ಖಾನೆ ಎಂದುಕೊಳ್ಳುವುದುಂಟು. ಆದರೆ ಯಾವ ಕೆಲಸವನ್ನು ಕಾನೂನುಬದ್ಧವಾಗಿ ಕೊಳ್ಳಬಹುದು, ಯಾವುದನ್ನು ಕೊಳ್ಳುವಂತಿಲ್ಲ ಎಂಬ ಗಡಿ ನಿಂತಿರುವುದು ಅದರ ಮೇಲೆಯೇ. ಆ ಗಡಿಯನ್ನು ಅಮೆರಿಕ ಎಪ್ಪತ್ತು ವರ್ಷಗಳಿಂದ ಬರೆಯುತ್ತ, ಅಳಿಸುತ್ತ ಬಂದಿದೆ.

ಎರಡನೇ ಮಹಾಯುದ್ಧ ಮುಗಿದಾಗ ಫೆಡರಲ್ ಇಲಾಖೆಗಳು ಒಂದೇ ಸಾಮಾನನ್ನು ಬೇರೆ ಬೇರೆ ಬೆಲೆಗೆ ಕೊಳ್ಳುತ್ತಿದ್ದವು. ಇದನ್ನು ಸರಿಪಡಿಸಲು, ಆಡಳಿತ ಸುಧಾರಣೆಗೆಂದು ನೇಮಕವಾಗಿದ್ದ ಹೂವರ್ ಆಯೋಗದ ಶಿಫಾರಸಿನಂತೆ 1949ರ ಜುಲೈ 1ರಂದು ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್, ಅಂದರೆ ಜಿಎಸ್‌ಎ, ಹುಟ್ಟಿತು. ಈ ಸಂಸ್ಥೆ ಮಾರಾಟಗಾರರೊಡನೆ ಮೊದಲೇ ದರ ಗೊತ್ತುಮಾಡಿಕೊಂಡಿರುತ್ತದೆ. ಇಲಾಖೆಗಳು ಆ ಪಟ್ಟಿ ನೋಡಿ ಆದೇಶ ಕೊಡುತ್ತವೆ. ಈ ಪಟ್ಟಿಗಳೇ ಶೆಡ್ಯೂಲ್‌ಗಳು. ಒಂದೊಂದು ಶೆಡ್ಯೂಲ್‌ನೊಳಗೆ ಸರಕು, ಸೇವೆಗಳನ್ನು ಬಿಡಿಸಿ ತೋರಿಸುವ ವರ್ಗ ಸಂಖ್ಯೆಗೆ ‘ಸಿನ್’ ಎನ್ನುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಈ ಏರ್ಪಾಡಿಗೆ ಒಂದು ವಿಶೇಷ ಅಧ್ಯಾಯ ಸೇರಿತು. ಟೆಕ್ಸಾಸ್‌ನ ಸಂಸದ ಜಾಕ್ ಬ್ರೂಕ್ಸ್ ಮುಂದಾಳತ್ವದಲ್ಲಿ 1965ರಲ್ಲಿ ಬಂದ ಬ್ರೂಕ್ಸ್ ಕಾಯ್ದೆ, ಕಂಪ್ಯೂಟರ್ ಖರೀದಿಯ ಅಧಿಕಾರವನ್ನೆಲ್ಲ ಜಿಎಸ್‌ಎ ಕೈಗೆ ಕೊಟ್ಟಿತು. ಬೇರೆ ಇಲಾಖೆಗೆ ಕಂಪ್ಯೂಟರ್ ಬೇಕೆಂದರೆ ಜಿಎಸ್‌ಎಯಿಂದ ಅಧಿಕಾರ ಪಡೆಯಬೇಕಿತ್ತು. ಯಂತ್ರವೊಂದು ಕೋಣೆಯನ್ನೇ ತುಂಬುತ್ತಿದ್ದ ಕಾಲಕ್ಕೆ ಇದು ಸರಿಯಾದ ನಿರ್ಧಾರವೇ. ಆದರೆ ಮೇಜಿನ ಮೇಲಿನ ಕಂಪ್ಯೂಟರ್‌ಗಳ ಕಾಲಕ್ಕೆ ಅದೇ ನಿಯಮ ಉಸಿರುಗಟ್ಟಿಸತೊಡಗಿತು. ಮಂಜೂರಾತಿ ಕೈಸೇರುವ ಹೊತ್ತಿಗೆ ಕೇಳಿದ್ದ ಯಂತ್ರ ಹಳೆಯದಾಗಿರುತ್ತಿತ್ತು. ಸೆನೆಟರ್ ವಿಲಿಯಂ ಕೋಹೆನ್ 1994ರಲ್ಲಿ ಪ್ರಕಟಿಸಿದ ವರದಿ ಈ ಅವ್ಯವಸ್ಥೆಯನ್ನು ಬಿಚ್ಚಿಟ್ಟಿತು. 1996ರಲ್ಲಿ ಕ್ಲಿಂಗರ್-ಕೋಹೆನ್ ಕಾಯ್ದೆ ಬಂದು ಬ್ರೂಕ್ಸ್ ಕಾಯ್ದೆಯನ್ನು ರದ್ದು ಮಾಡಿತು. ತಮಗೆ ಬೇಕಾದ ತಂತ್ರಜ್ಞಾನವನ್ನು ತಾವೇ ಕೊಳ್ಳುವ ಅಧಿಕಾರ ಇಲಾಖೆಗಳಿಗೆ ಮರಳಿತು.

ಅಧಿಕಾರ ಸಿಕ್ಕ ಇಲಾಖೆಗಳಿಗೆ ಟೆಂಡರ್ ಕರೆಯುವ ತಾಳ್ಮೆ ಇರಲಿಲ್ಲ. ದರ ಗೊತ್ತಾಗಿದ್ದ ಶೆಡ್ಯೂಲ್ 70, ಅಂದರೆ ಮಾಹಿತಿ ತಂತ್ರಜ್ಞಾನದ ಪಟ್ಟಿ, ಅವುಗಳಿಗೆ ಹತ್ತಿರದ ದಾರಿಯಾಯಿತು. ಅಲ್ಲಿ ಯಂತ್ರಾಂಶಕ್ಕೆ 132-8, ಅವಧಿ ಪರವಾನಗಿಯ ಸಾಫ್ಟ್‌ವೇರ್‌ಗೆ 132-32, ಶಾಶ್ವತ ಪರವಾನಗಿಗೆ 132-33, ತರಬೇತಿಗೆ 132-50 ಹೀಗೆ ವರ್ಗಗಳಿದ್ದವು. ಇವುಗಳ ನಡುವೆ ಎಲ್ಲವನ್ನೂ ಸೆಳೆದುಕೊಂಡದ್ದು 132-51, ವೃತ್ತಿಪರ ಐಟಿ ಸೇವೆಗಳ ವರ್ಗ. ಪ್ರೋಗ್ರಾಮರ್‌ಗೆ ಗಂಟೆಗೆ ಇಷ್ಟು, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇಷ್ಟು ಎಂದು ಹುದ್ದೆವಾರು ದರ ಗೊತ್ತಾದರೆ, ಯಾವ ಕೆಲಸವನ್ನಾದರೂ ಅದರೊಳಗೆ ಕೂರಿಸಬಹುದು ಎಂಬ ಭಾವನೆ ಬೆಳೆಯಿತು. ಅಬು ಘ್ರೈಬ್ ಪ್ರಕರಣದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮನುಷ್ಯರ ಗಂಟೆಗಳನ್ನು ಮಾರುವ ವರ್ಗದಲ್ಲಿ ಆ ಗಂಟೆಗಳು ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಮಂಕಾಗುತ್ತದೆ.

ಎಚ್ಚರಿಕೆ ಮೊದಲೇ ಬಂದಿತ್ತು. 1997ರಲ್ಲಿ ಎಟಿಎ ಡಿಫೆನ್ಸ್ ಇಂಡಸ್ಟ್ರೀಸ್ ಎಂಬ ಕಂಪನಿ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ಹೋಯಿತು. ಜಾರ್ಜಿಯಾದ ಫೋರ್ಟ್ ಸ್ಟೀವರ್ಟ್‌ನ ಗುರಿ ಅಭ್ಯಾಸದ ಮೈದಾನಗಳನ್ನು ಸುಧಾರಿಸಲು ಸೇನೆ ಇನ್ನೊಂದು ಕಂಪನಿಗೆ ಶೆಡ್ಯೂಲ್ ಮೂಲಕ ಆದೇಶ ಕೊಟ್ಟಿತ್ತು. ಆ ಆದೇಶದಲ್ಲಿ ಸುಮಾರು ಮೂರನೇ ಒಂದು ಭಾಗದ ಸಾಮಾನು ಆ ಕಂಪನಿಯ ಶೆಡ್ಯೂಲ್ ಪಟ್ಟಿಯಲ್ಲೇ ಇರಲಿಲ್ಲ. ಮುಖ್ಯ ಖರೀದಿಯ ಜೊತೆ ಪ್ರಾಸಂಗಿಕವಾಗಿ ಬರುವ ವಸ್ತುಗಳು ಎಂಬ ನೆಪದಲ್ಲಿ ಇಂಥವನ್ನು ಸೇರಿಸುವುದು ಅಂದಿನ ರೂಢಿ. ಸ್ಪರ್ಧೆಯ ಕಾನೂನಿನಲ್ಲಿ ಅಂಥ ವಿನಾಯಿತಿಯೇ ಇಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. 1999ರಲ್ಲಿ ಪಿಕ್ಸಿಸ್ ಪ್ರಕರಣದಲ್ಲಿ ಜಿಎಒ ತನ್ನ ಹಳೆಯ ನಿಲುವು ಬಿಟ್ಟು ಇದೇ ತೀರ್ಪನ್ನು ಅನುಸರಿಸಿತು. ಅಲ್ಲಿಂದಾಚೆಗೆ ಗುತ್ತಿಗೆಯಲ್ಲಿ ಇಲ್ಲದ್ದನ್ನು ಶೆಡ್ಯೂಲ್ ಹೆಸರಿನಲ್ಲಿ ಕೊಂಡರೆ, ಸೋತ ಪ್ರತಿಸ್ಪರ್ಧಿ ಆಕ್ಷೇಪ ಸಲ್ಲಿಸಿ ಇಡೀ ಆದೇಶವನ್ನೇ ಕೆಡವಬಹುದಾಯಿತು. ಮಾರಾಟಗಾರನ ಪಾಲಿಗೆ ವರ್ಗದ ಆಯ್ಕೆ ಬದುಕುಳಿಯುವ ಪ್ರಶ್ನೆಯಾದದ್ದು ಆಗ.

2004ರ ಹಗರಣದ ನಂತರ ಜಿಎಸ್‌ಎ ರಕ್ಷಣಾ ಇಲಾಖೆಯೊಡನೆ ಸೇರಿ ಖರೀದಿ ಅಧಿಕಾರಿಗಳಿಗೆ ನಿಯಮ ಕಲಿಸುವ ‘ಗೆಟ್ ಇಟ್ ರೈಟ್’ ಎಂಬ ಕಾರ್ಯಕ್ರಮ ಶುರುಮಾಡಿತು. ಸಿಎಸಿಐ ಮೇಲೆ ನಿಷೇಧ ಹೇರುವ ಯೋಚನೆಯನ್ನು ಪರಿಶೀಲಿಸಿ, ಅದೇ ವರ್ಷದ ಜುಲೈನಲ್ಲಿ ಕೈಬಿಟ್ಟಿತು. 132-51 ಮಾತ್ರ ಇದ್ದಂತೆಯೇ ವಿಶಾಲವಾಗಿ ಉಳಿಯಿತು.

ಆ ವಿಶಾಲತೆ ಮುಂದೆ ಬೇರೆ ತೊಂದರೆ ತಂದಿತು. 2015ರಲ್ಲಿ ಫೆಡರಲ್ ಸಿಬ್ಬಂದಿ ನಿರ್ವಹಣೆಯ ಕಚೇರಿ ಒಪಿಎಂನಿಂದ 2.15 ಕೋಟಿ ಜನರ ಹಿನ್ನೆಲೆ ಪರಿಶೀಲನೆಯ ದಾಖಲೆಗಳು ಕಳವಾಗಿದ್ದು ಬೆಳಕಿಗೆ ಬಂತು. ಇಂಥ ಹೊತ್ತಿನಲ್ಲಿ ಸೈಬರ್ ದಾಳಿಯನ್ನು ನಿಭಾಯಿಸಬಲ್ಲ ಕಂಪನಿಯನ್ನು ಇಲಾಖೆಯೊಂದು ತುರ್ತಾಗಿ ಹುಡುಕಬೇಕಾಗಿ ಬಂದರೆ, 132-51ರಲ್ಲಿದ್ದ ಸಾವಿರಾರು ಹೆಸರುಗಳಲ್ಲಿ ಆ ಕೆಲಸ ಬಲ್ಲವರು ಯಾರೆಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರವಾಗಿ 2016ರ ಅಕ್ಟೋಬರ್‌ನಲ್ಲಿ ಸೈಬರ್ ಭದ್ರತಾ ಸೇವೆಗಳಿಗೆ ಪ್ರತ್ಯೇಕ ವರ್ಗಗಳು ಬಂದವು. ಅಲ್ಲಿ ಸೇರಲು ದರಪಟ್ಟಿ ಸಾಲದು, ಕಂಪನಿಯ ತಜ್ಞರು ಮೌಖಿಕ ತಾಂತ್ರಿಕ ಪರೀಕ್ಷೆಯಲ್ಲಿ ಪಾಸಾಗಬೇಕು. ಕ್ಲೌಡ್ ಸೇವೆಗಳಿಗೆ 2015ರಲ್ಲೇ ಬೇರೆ ವರ್ಗವಾಗಿತ್ತು. ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಹೇಳಿದ ಐದು ಲಕ್ಷಣಗಳು ಅದಕ್ಕೆ ಅಳತೆಗೋಲು. ಬಳಸಿದಷ್ಟನ್ನೇ ಅಳೆದು ಲೆಕ್ಕ ಇಡುವುದು ಆ ಐದರಲ್ಲಿ ಒಂದು. ತಮ್ಮ ಸರ್ವರ್‌ನಲ್ಲಿ ಯಾರದೋ ವೆಬ್‌ಸೈಟ್ ಇಟ್ಟುಕೊಂಡು ಅದನ್ನು ಕ್ಲೌಡ್ ಎನ್ನುತ್ತಿದ್ದ ಕಂಪನಿಗಳು ಈ ಅಳತೆಗೆ ನಿಲ್ಲುವುದು ಕಷ್ಟ. ನನಗೆ ಈ ಕ್ರಮ ಹಿಡಿಸುತ್ತದೆ. ವರ್ಗದೊಳಗೆ ಬರಲು ಯೋಗ್ಯತೆ ಬೇಕೆಂದಾಗಲೇ ಕೊಳ್ಳುವವರಿಗೆ ಆ ವರ್ಗದ ಮೇಲೆ ನಂಬಿಕೆ ಹುಟ್ಟುತ್ತದೆ.

ಈ ನಡುವೆ ಬೇರೆ ಶೆಡ್ಯೂಲ್‌ಗಳಲ್ಲೂ ವರ್ಗಗಳು ಬೆಳೆದು, ಒಂದೇ ಸೇವೆಯನ್ನು ಎರಡು ಮೂರು ಕಡೆ ಮಾರುವ ಸ್ಥಿತಿ ಬಂದಿತ್ತು. ಒಂದೇ ಕಂಪನಿ ಹಲವು ಗುತ್ತಿಗೆಗಳನ್ನು ಬೇರೆ ಬೇರೆಯಾಗಿ ನಡೆಸಬೇಕಿತ್ತು. 2019ರ ಅಕ್ಟೋಬರ್ 1ರಂದು ಜಿಎಸ್‌ಎ 24 ಶೆಡ್ಯೂಲ್‌ಗಳನ್ನು ಒಂದೇ ಗುತ್ತಿಗೆಯಾಗಿ ಬೆಸೆಯಿತು. ಸುಮಾರು 900ರಷ್ಟಿದ್ದ ವರ್ಗಗಳು ಮುನ್ನೂರರ ಆಸುಪಾಸಿಗೆ ಇಳಿದವು. ಹೊಸ ಸಂಖ್ಯೆಗಳನ್ನು ಉತ್ತರ ಅಮೆರಿಕದ ಉದ್ಯಮ ವರ್ಗೀಕರಣವಾದ ನೈಕ್ಸ್‌ನಿಂದ ಎತ್ತಿಕೊಳ್ಳಲಾಯಿತು. 132-51 ಈಗ 54151ಎಸ್ ಆಯಿತು, ಕ್ಲೌಡ್ 518210ಸಿ ಆಯಿತು, ಸಾಫ್ಟ್‌ವೇರ್ ಪರವಾನಗಿಗಳೆರಡೂ 511210ರಲ್ಲಿ ಸೇರಿದವು.

ಸಂಖ್ಯೆಗಳನ್ನು ಉದ್ಯಮ ವರ್ಗೀಕರಣಕ್ಕೆ ಜೋಡಿಸಿದ್ದರಿಂದ ಒಂದು ಹಳೆಯ ನಂಟು ಕಣ್ಣಿಗೆ ಕಾಣುವಂತಾಯಿತು. ಸಣ್ಣ ಉದ್ದಿಮೆಗಳಿಗೆ ಮೀಸಲಾದ ಆದೇಶಗಳಲ್ಲಿ, ಸಣ್ಣದು ಎಂದರೆ ಎಷ್ಟು ಎಂಬುದನ್ನು ನೈಕ್ಸ್ ಸಂಖ್ಯೆ ತೀರ್ಮಾನಿಸುತ್ತದೆ. ಪ್ರೋಗ್ರಾಮಿಂಗ್ ಮತ್ತು ಸಿಸ್ಟಮ್ ವಿನ್ಯಾಸದ ಕಂಪನಿಗೆ 2022ರ ಕೊನೆಯಲ್ಲಿ ನಿಗದಿಯಾದ ಮಿತಿ ಸರಾಸರಿ ವಾರ್ಷಿಕ ಆದಾಯ 3.4 ಕೋಟಿ ಡಾಲರ್. ಯಂತ್ರಾಂಶ, ಸಾಫ್ಟ್‌ವೇರ್ ಕೊಂಡು ಸೇವೆ ಸೇರಿಸಿ ಮಾರುವ ಕಂಪನಿಗೆ ಆದಾಯದ ಲೆಕ್ಕವೇ ಇಲ್ಲ, 150 ನೌಕರರ ಮಿತಿ. ಬೇರೆಯವರ ಯಂತ್ರ ಮಾರಿ ಹತ್ತಾರು ಕೋಟಿ ಡಾಲರ್ ವಹಿವಾಟು ನಡೆಸುವ, ಆದರೆ ನೂರೇ ಜನರಿರುವ ಕಂಪನಿ ಒಂದು ಸಂಖ್ಯೆಯಡಿ ಸಣ್ಣದು, ಇನ್ನೊಂದರಡಿ ದೊಡ್ಡದು.

ಹೊಸದಾಗಿ ಬರುವವರು ಸಾಮಾನ್ಯವಾಗಿ ಮಾಡುವುದು ಸಿಕ್ಕಷ್ಟು ವರ್ಗಗಳಿಗೆ ಅರ್ಜಿ ಹಾಕುವುದು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇವೆ ಎಂದು ಪ್ರತಿ ವರ್ಗಕ್ಕೂ ಬೇರೆಯಾಗಿ ತೋರಿಸಬೇಕು, ದರಕ್ಕೆ ಬೇರೆಯಾಗಿ ಆಧಾರ ಕೊಡಬೇಕು. ಒಂದರ ಕಡತ ದುರ್ಬಲವಾಗಿದ್ದರೆ ಉಳಿದವುಗಳ ಪರಿಶೀಲನೆಯೂ ಎಳೆಯುತ್ತದೆ. ಗುತ್ತಿಗೆ ಸಿಕ್ಕ ಮೇಲೆ ತಿದ್ದುಪಡಿಯ ಮೂಲಕ ವರ್ಗ ಸೇರಿಸುವ ಅವಕಾಶ ಇದ್ದೇ ಇದೆ. ಹಾಗಾಗಿ ಗಟ್ಟಿಯಾಗಿರುವ ಒಂದೆರಡರಿಂದ ಶುರುಮಾಡುವುದು ಲೇಸು. ಇನ್ನು ಕೆಲವರು 54151ಎಸ್ ಒಂದೇ ಸಾಕು, ಎಲ್ಲವೂ ಅದರೊಳಗೆ ಬರುತ್ತದೆ ಎಂದು ನಂಬಿರುತ್ತಾರೆ. ಖರೀದಿ ಅಧಿಕಾರಿ ಜಿಎಸ್‌ಎಯ ಇಬೈ ತಾಣದಲ್ಲಿ ದರ ಕೇಳುವಾಗ ಮೊದಲು ಒಂದು ವರ್ಗ ಆರಿಸಿಕೊಳ್ಳುತ್ತಾರೆ. ಆ ವರ್ಗ ಇಲ್ಲದ ಕಂಪನಿ ಎಷ್ಟೇ ಸಮರ್ಥವಾಗಿದ್ದರೂ ಅಲ್ಲಿ ದರ ಸಲ್ಲಿಸಲಾಗದು.

2025ರ ಮಾರ್ಚ್ 20ರಂದು ಹೊರಟ ಅಧ್ಯಕ್ಷರ ಆದೇಶವೊಂದು, ಎಲ್ಲ ಇಲಾಖೆಗಳಿಗೂ ಬೇಕಾಗುವ ಸಾಮಾನ್ಯ ಸರಕು ಮತ್ತು ಸೇವೆಗಳ ಖರೀದಿಯನ್ನು ಮತ್ತೆ ಜಿಎಸ್‌ಎಯಲ್ಲಿ ಒಟ್ಟುಗೂಡಿಸಲು ಹೇಳಿದೆ. ಬ್ರೂಕ್ಸ್ ಕಾಲದ ಕೇಂದ್ರೀಕರಣ ಬೇರೆ ರೂಪದಲ್ಲಿ ಮರಳುತ್ತಿರುವಂತಿದೆ. ಸ್ವಂತ ಗುತ್ತಿಗೆಗಳ ಮೂಲಕ ಕೊಳ್ಳುತ್ತಿದ್ದ ಇಲಾಖೆಗಳೂ ಈ ಪಟ್ಟಿಗಳ ಕಡೆ ತಿರುಗಿದರೆ, ಯಾವ ವರ್ಗದಲ್ಲಿ ನಿಂತಿದ್ದೇವೆ ಎಂಬುದರ ತೂಕ ಇನ್ನೂ ಹೆಚ್ಚುತ್ತದೆ. ಆಯ್ಕೆಗೆ ಬೇಕಾದ ಮಾಹಿತಿ ಗುಟ್ಟಿನದೇನಲ್ಲ. ಯಾವ ವರ್ಗದಲ್ಲಿ ಯಾವ ಕಂಪನಿ ಎಷ್ಟು ಮಾರಿದೆ ಎಂಬುದನ್ನು ಜಿಎಸ್‌ಎಯೇ ಪ್ರಕಟಿಸುತ್ತದೆ. ಯಾವ ಇಲಾಖೆ ಯಾರಿಗೆ ಯಾವ ಕೆಲಸಕ್ಕೆ ಹಣ ಕೊಟ್ಟಿದೆ ಎಂಬುದು 2007ರಿಂದ ಯುಎಸ್‌ಎಸ್ಪೆಂಡಿಂಗ್ ತಾಣದಲ್ಲಿದೆ. ತಾವು ಮಾರಬೇಕೆಂದಿರುವ ಇಲಾಖೆಯ ಹಿಂದಿನ ಎರಡು ಮೂರು ವರ್ಷಗಳ ಆದೇಶಗಳನ್ನು ಅಲ್ಲಿ ತೆಗೆದು ಓದಿದರೆ, ಅದು ಇಂಥ ಕೆಲಸವನ್ನು ಯಾವ ಗುತ್ತಿಗೆಗಳಿಂದ ಕೊಳ್ಳುತ್ತ ಬಂದಿದೆ ಎಂಬುದು ಅರ್ಜಿ ತುಂಬುವ ಮೊದಲೇ ಗೊತ್ತಾಗುತ್ತದೆ.