ಆನೆಯ ಹೆಸರು ಹೊತ್ತ ಒಂಟೆ

ನಾಲ್ಕನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲ್ಲನ್ನು ಗಾಥರೆಂಬ ಜರ್ಮಾನಿಕ್ ಜನರ ಗಾಥಿಕ್ ಭಾಷೆಗೆ ತಂದಾಗ, ಸ್ನಾನಿಕನಾದ ಯೋಹಾನನು ಉಟ್ಟ ಒಂಟೆ ಕೂದಲಿನ ಬಟ್ಟೆಯನ್ನು ಹೇಳುವ ಮಾರ್ಕನ ಸುವಾರ್ತೆಯ ಸಾಲಿನಲ್ಲಿ ಒಂಟೆಗೆ 'ಉಲ್ಬಂಡುಸ್' ಎಂಬ ಪದ ಬಂದಿದೆ. ಇದರ ಬೇರು ಗ್ರೀಕಿನ 'ಎಲೆಫಾಸ್', ಎಂದರೆ ಆನೆ, ಎಂಬುದು ಬಹುತೇಕ ಭಾಷಾವಿದ್ವಾಂಸರ ಅಭಿಪ್ರಾಯ. ಆ ಅನುವಾದ ಇಂದಿಗೂ ನಮಗೆ ಓದಲು ಸಿಗುತ್ತಿರುವುದು, ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿ ಮತ್ತು ಚಿನ್ನದ ಶಾಯಿಯಲ್ಲಿ ಬರೆದ, ಈಗ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದಲ್ಲಿರುವ ಆರನೆಯ ಶತಮಾನದ ಹಸ್ತಪ್ರತಿಯಿಂದ.

ಇದನ್ನು ಒಬ್ಬ ಅನುವಾದಕನ ಪ್ರಮಾದವೆನ್ನಲು ಬರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಓಲ್ಫೆಂಡ್', ಹಳೆಯ ಹೈ ಜರ್ಮನ್‌ನಲ್ಲಿ 'ಓಲ್ಬೆಂಟಾ', ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್‌ನಲ್ಲಿ 'ಉಲ್ಫಲ್ಡಿ' ಎಂಬ ರೂಪಗಳಿದ್ದು, ಎಲ್ಲಕ್ಕೂ ಒಂಟೆಯೆಂದೇ ಅರ್ಥ. ಸ್ಲಾವಿಕ್ ಭಾಷೆಗಳೂ ಇದೇ ಪದವನ್ನು ಗಾಥಿಕ್‌ನಿಂದ ಪಡೆದವು. ರಷ್ಯನ್ನರ 'ವೆರ್ಬ್ಲ್ಯೂದ್' ಅದರ ವಂಶದ್ದೇ. ಆದರೆ ಮೊದಲಕ್ಷರದಲ್ಲಿ 'ಎ' ಹೋಗಿ 'ಉ' ಬಂದದ್ದು ಏಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ದೊರೆತಿಲ್ಲ.

ಅರ್ಥಪಲ್ಲಟದ ಕಾರಣ ಮಾತ್ರ ಊಹೆಗೆ ನಿಲುಕುವಂಥದ್ದು. ಗ್ರೀಕರಲ್ಲೇ 'ಎಲೆಫಾಸ್' ಎಂಬ ಪದ ಮೊದಲು ದಂತವನ್ನು ಸೂಚಿಸುತ್ತಿತ್ತು. ಹೋಮರನ ಕಾವ್ಯಗಳಲ್ಲಿ ಅದಕ್ಕೆ ಇರುವ ಅರ್ಥ ಅಷ್ಟೇ, ಪ್ರಾಣಿಯ ಹೆಸರಾಗಿ ಅದು ಕಾಣಿಸುವುದು ಇತಿಹಾಸಕಾರ ಹೆರೊಡೊಟಸನಲ್ಲಿ. ಪ್ರಾಣಿಯನ್ನು ಕಾಣದೆ ಹೆಸರನ್ನು ಮಾತ್ರ ಕೇಳಿದ ಉತ್ತರದ ಜನರಿಗೆ ಅದು ದೂರದೇಶದ ಯಾವುದೋ ಭಾರೀ ಮೃಗ ಎಂಬುದಷ್ಟೇ ತಿಳಿದಿದ್ದಿರಬೇಕು, ಮತ್ತು ಧರ್ಮಗ್ರಂಥದಲ್ಲಿ ಪದೇಪದೇ ಎದುರಾಗುತ್ತಿದ್ದ ಭಾರೀ ಮೃಗ ಒಂಟೆ. ಕ್ರಿ.ಶ. 1000ರ ಸುಮಾರಿನಲ್ಲಿ ಇಂಗ್ಲೆಂಡಿನ ಸನ್ಯಾಸಿ ಏಲ್ಫ್ರಿಕ್ ಆನೆಯನ್ನು ಮನೆಗಿಂತ ದೊಡ್ಡ ಪ್ರಾಣಿಯೆಂದು ಬಣ್ಣಿಸುತ್ತಾ, ಆನೆಗಳು ಈ ನಾಡಿಗೆ ಎಂದೂ ಬಂದಿಲ್ಲವಾದ್ದರಿಂದ ಕೆಲವರಿಗೆ ಇದು ವಿಚಿತ್ರವೆನಿಸೀತು ಎಂದು ಸೇರಿಸಿದ್ದಾನೆ. ಆ ಒಂದು ಮಾತು ಇಡೀ ಗೊಂದಲದ ಹಿನ್ನೆಲೆಯನ್ನು ತಿಳಿಸುತ್ತದೆ ಎಂದೇ ನನ್ನ ನಂಬಿಕೆ. ಅವನು ಆನೆಗೆ ಬಳಸಿದ 'ಯಿಲ್ಪ್' ಎಂಬುದೂ ಎಲೆಫಾಸ್‌ನಿಂದಲೇ ಬಂದದ್ದು. ಹೀಗೆ ಒಂದೇ ಬೇರು ಒಂದೇ ಭಾಷೆಗೆ ಎರಡು ದಾರಿಯಲ್ಲಿ ಬಂದು ಎರಡು ಪ್ರಾಣಿಗಳಿಗೆ ಹೆಸರಾಯಿತು.

ಮುಂದೆ ಸೆಮಿಟಿಕ್ (ಹೀಬ್ರೂ, ಅರಬ್ಬಿಗಳು ಸೇರಿದ ಭಾಷಾಕುಟುಂಬ) ಮೂಲದ 'ಕ್ಯಾಮೆಲ್' ಲ್ಯಾಟಿನ್ ಮೂಲಕ ಬಂದು ಇಂಗ್ಲಿಷಿನಲ್ಲಿ ಓಲ್ಫೆಂಡನ್ನು ಅಳಿಸಿತು. ಜರ್ಮನ್‌ನಲ್ಲಿಯೂ ಹಳೆಯ ಪದ ಉಳಿಯಲಿಲ್ಲ. ಐಸ್‌ಲ್ಯಾಂಡಿನವರು ಮಾತ್ರ ಇಂದಿಗೂ ಒಂಟೆಯನ್ನು 'ಉಲ್ಫಲ್ಡಿ' ಎಂದೇ ಕರೆಯುತ್ತಾರೆ, ಆನೆಗೆ ಅವರು ಹೇಳುವ 'ಫೀಲ್' ಪರ್ಷಿಯನ್ 'ಪೀಲ್' ಅರಬ್ಬಿಯ ಮೂಲಕ ತಳೆದ ರೂಪ.