ಎಂಜಿಬಿ ಕ್ಲಚ್‌ಗೆ ಅಡ್ಜಸ್ಟ್ ಮಾಡುವ ನಟ್ ಎಲ್ಲಿದೆ?

ಪ್ರಶ್ನೆ: ನಮ್ಮದು 1970ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿತ್ತು. ಈಗ ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಗರಗರ ಸದ್ದು. ಅಡ್ಜಸ್ಟ್ ಮಾಡುವ ನಟ್ ಎಲ್ಲಿದೆ? (ಓದುಗರು, ಮಂಗಳೂರು)

ಉತ್ತರ: ಆ ನಟ್ ಈ ಗಾಡಿಯಲ್ಲಿ ಇಲ್ಲವೇ ಇಲ್ಲ. ಇದು ಬ್ರೇಕ್ ಆಯಿಲ್‌ನ ಒತ್ತಡದಿಂದ ನಡೆಯುವ ಕ್ಲಚ್: ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳುತ್ತದೆ, ಕೆಳಗೆ ಗೇರ್‌ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ಅದರಿಂದ ಕ್ಲಚ್ ಬಿಡಿಸುತ್ತದೆ. ಕ್ಲಚ್ ಪ್ಲೇಟ್ ಸವೆದಷ್ಟೂ ತಾನೇ ಹೊಂದಿಕೊಳ್ಳುತ್ತದೆ. ಕೆಲವರು ಉದ್ದ ಹೆಚ್ಚಿಸಬಹುದಾದ ಪುಶ್‌ರಾಡ್ (ಪೆಡಲ್‌ನಿಂದ ಪಿಸ್ಟನ್ ತಳ್ಳುವ ಕಡ್ಡಿ) ಹಾಕಿಸುತ್ತಾರೆ. ದಯವಿಟ್ಟು ಬೇಡ. ಪೆಡಲ್‌ಗೆ ಸ್ವಲ್ಪವೂ ಫ್ರೀ ಪ್ಲೇ (ಒತ್ತಡ ಶುರುವಾಗುವ ಮೊದಲಿನ ಸಡಿಲ) ಉಳಿಯದಿದ್ದರೆ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಮರಳುವ ತೂತು ಮುಚ್ಚಿಯೇ ಇರುತ್ತದೆ, ಕ್ಲಚ್ ಸದಾ ಅರ್ಧ ಒತ್ತಿದಂತಿರುತ್ತದೆ.

ಮೊದಲು ಅಳತೆ ನೋಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಕೆಳಗಿನಿಂದ ಸ್ಲೇವ್ ಸಿಲಿಂಡರ್‌ನ ರಾಡ್ ಎಷ್ಟು ಸರಿಯುತ್ತದೆಂದು ಸ್ಕೇಲ್ ಹಿಡಿದು ನೋಡಲಿ. ಸುಮಾರು 12 ಮಿ.ಮೀ. ಬರಬೇಕು.

ಕಡಿಮೆ ಬಂದರೆ ಪೆಡಲ್ ಮತ್ತು ಪುಶ್‌ರಾಡ್ ಸೇರುವ ಪಿನ್ ಬಿಚ್ಚಿ. ಪಿನ್ ಮೆಟ್ಟಿಲಿನಂತೆ ಸವೆದು, ಪೆಡಲ್‌ನ ತೂತು ಮೊಟ್ಟೆಯಾಕಾರ ಆಗಿರುವುದು ಈ ಗಾಡಿಗಳಲ್ಲಿ ತೀರಾ ಸಾಮಾನ್ಯ. ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವ್‌ನದು ಒಂದೂಕಾಲು. ಹಾಗಾಗಿ ಪಿನ್‌ನಲ್ಲಿ 3 ಮಿ.ಮೀ. ಆಟವಿದ್ದರೆ ಕೆಳಗೆ 1 ಮಿ.ಮೀ.ಗೂ ಹೆಚ್ಚು ಚಲನೆ ಹೋಯಿತು. ಹೊಸ ಪಿನ್ ಒಂದೇ ಸಾಲದು. ತೂತನ್ನು ವೆಲ್ಡ್‌ನಿಂದ ತುಂಬಿಸಿ, ಪಿನ್ನಿನ ಅಳತೆಗೇ ಮತ್ತೆ ಕೊರೆಸಬೇಕು.

ಪಿನ್ ಸರಿಯಿದ್ದರೆ ಆಯಿಲ್ ಕಡೆ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನೂ ಬರವಿಲ್ಲ. ನೀರು ಸೇರಿದ ಆಯಿಲ್ ಸ್ಲೇವ್‌ನ ಕಬ್ಬಿಣದ ಒಳಮೈಯನ್ನು ತಿನ್ನುತ್ತದೆ. ಸ್ಲೇವ್‌ನ ತುದಿಯ ರಬ್ಬರ್ ಬೂಟ್ (ಧೂಳು ತಡೆಯುವ ಮುಸುಕು) ಸರಿಸಿದಾಗ ಒದ್ದೆಯಿದ್ದರೆ ಸಿಲಿಂಡರ್ ಬಿಚ್ಚಿ. ಒಳಗೆ ಉಗುರಿಗೆ ಸಿಗುವ ಗುಳಿಗಳಿದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ, ಅದು ಬೇಗ ಹರಿಯುತ್ತದೆ, ಸಿಲಿಂಡರನ್ನೇ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ಪೈಪ್‌ನ ಗಾಳಿ ಪೂರ್ತಿ ತೆಗೆಯಿರಿ. ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ, ಸೀಲುಗಳು ಉಬ್ಬಿ ಹೋಗುತ್ತವೆ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಹಳೆಯ ಆಯಿಲ್ ಬದಲಿಸಿ.

12 ಮಿ.ಮೀ. ಪೂರ್ತಿ ಬಂದೂ ಸದ್ದು ಹೋಗದಿದ್ದರೆ? ನಿಮ್ಮ ಗಾಡಿ ತಿಂಗಳುಗಟ್ಟಲೆ ನಿಂತದ್ದರಿಂದ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ (ಎಂಜಿನ್ ಜತೆ ತಿರುಗುವ ಭಾರದ ಚಕ್ರ) ಅಂಟಿರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ಬಿಸಿಮಾಡಿ ಆಫ್ ಮಾಡಿ. ಜನರಿಲ್ಲದ ಸಮತಟ್ಟು ಮೈದಾನದಲ್ಲಿ ಎರಡನೇ ಗೇರ್‌ನಲ್ಲಿಟ್ಟು, ಕ್ಲಚ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಗಾಡಿ ತಕ್ಷಣ ಮುಂದೆ ನುಗ್ಗುತ್ತದೆ, ಎಚ್ಚರ. ಚಲಿಸುತ್ತಲೇ ಆಕ್ಸಿಲರೇಟರ್ ಒತ್ತಿ ಬಿಡುತ್ತಿದ್ದರೆ ಎಷ್ಟೋ ಸಲ ಪ್ಲೇಟ್ ಬಿಡಿಸಿಕೊಳ್ಳುತ್ತದೆ.

ಬಿಡದಿದ್ದರೆ ಎಂಜಿನ್ ಹೊರತೆಗೆಯಲೇಬೇಕು. ಆಗ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿಸಿ. ಇದರ ಬೇರಿಂಗ್ ಕಾರ್ಬನ್ನಿನದು, ಗುಂಡುಗಳಿಲ್ಲ, ಉಜ್ಜಿಯೇ ಕೆಲಸ ಮಾಡುತ್ತದೆ, ಕ್ಲಚ್ ಒತ್ತಿದಷ್ಟು ಹೊತ್ತೂ ಸವೆಯುತ್ತದೆ. ಹಾಗಾಗಿ ಪಂಪ್‌ವೆಲ್, ನಂತೂರು ಸರ್ಕಲ್‌ಗಳಲ್ಲಿ ಗಾಡಿ ಸಾಲಿನಲ್ಲಿ ನಿಂತಾಗ ಕ್ಲಚ್ ಒತ್ತಿಕೊಂಡಿರದೆ ನ್ಯೂಟ್ರಲ್‌ಗೆ ತನ್ನಿ.