ಹದಿಮೂರು ದಿನ ಮುಗಿದ ಮೇಲೆ ಬರುವ ಅಳು

ಪ್ರಶ್ನೆ: ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಕಾರ್ಯವೆಲ್ಲ ಮುಗಿಯುವವರೆಗೆ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಪುರೋಹಿತರು, ಅಡುಗೆಯವರು, ಬಂದವರ ಊಟ ಎಂದು ಓಡಾಡಿಕೊಂಡಿದ್ದೆ. ಈಗ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಅಳು ಬರುತ್ತದೆ. ‘ಇನ್ನೂ ಎಷ್ಟು ದಿನ ಹೀಗೆ?’ ಎಂದು ಮನೆಯವರು ಕೇಳುತ್ತಾರೆ. ನನಗೇನಾದರೂ ಕಾಯಿಲೆಯೇ?

ಉತ್ತರ: ನೀವು ಬರೆದಿರುವಷ್ಟನ್ನು ನೋಡಿದರೆ ಕಾಯಿಲೆ ಎನ್ನಿಸುವುದಿಲ್ಲ. ಅಳು ತಡವಾಗಿ ಬಂದಿದೆ ಎಂದೂ ನನಗೆ ಅನ್ನಿಸುವುದಿಲ್ಲ. ಸಾವಿನ ಮನೆ ಹದಿಮೂರು ದಿನ ಛತ್ರದಂತಿರುತ್ತದೆ. ಪಕ್ಕದ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬರುತ್ತದೆ, ಶಾಮಿಯಾನದವನ ಲೆಕ್ಕ ಚುಕ್ತಾ ಆಗಬೇಕಿರುತ್ತದೆ, ವೈಕುಂಠ ಸಮಾರಾಧನೆಗೆ ಯಾರನ್ನು ಕರೆಯಲು ಮರೆತೆವು ಎಂಬ ಚಿಂತೆ ಬೇರೆ. ದುಃಖಕ್ಕೆ ಕುಳಿತುಕೊಳ್ಳಲು ಜಾಗವೇ ಇರುವುದಿಲ್ಲ. ಕೊನೆಯ ಚಿಕ್ಕಮ್ಮನೂ ಬಸ್ಸು ಹತ್ತಿ, ಬಾಡಿಗೆ ಪಾತ್ರೆಗಳೂ ಹೋದ ಮೇಲೆ ಅದು ಒಳಗೆ ಬರುತ್ತದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ನಮ್ಮ ಮನೆಯ ಗ್ಯಾಸ್ ಸಂಪರ್ಕ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ಸಿಲಿಂಡರ್ ತಂದವನಿಗೆ ಹೇಳಬೇಕಾದ ಸಂಖ್ಯೆ ಬರುವುದು ಅವರ ಮೊಬೈಲಿಗೆ. ಹಾಗಾಗಿ ಗುಂಡಿಯ ಮೇಲಿನ ಅಂಕಿಗಳೆಲ್ಲ ಸವೆದುಹೋದ ಆ ಹಳೆಯ ಫೋನನ್ನು ಆಗಾಗ ಚಾರ್ಜಿಗೆ ಹಾಕುವುದು ನನ್ನ ಪಾಲಿನ ಕೆಲಸವಾಯಿತು. ಸ್ಮಶಾನದಲ್ಲಿ ಗಟ್ಟಿಯಾಗಿ ನಿಂತಿದ್ದವನು ನಾನು. ಐದನೆಯ ತಿಂಗಳಲ್ಲಿ ಒಂದು ದಿನ ಸಿಲಿಂಡರ್ ಇಳಿಸಿದ ಹುಡುಗ, ‘ಯಜಮಾನರು ಇಲ್ಲವೇ ಸಾರ್? ನಂಬರು ಅವರಿಗೇ ಬಂದಿರುತ್ತದೆ’ ಎಂದ. ಅವನು ಹೋದ ಮೇಲೆ ಆ ಸಿಲಿಂಡರಿನ ಪಕ್ಕದಲ್ಲೇ ಕುಸಿದು ಕುಳಿತೆ. ಮರಣ ಪ್ರಮಾಣಪತ್ರ ಹಿಡಿದು ಹೋದರೆ ಅರ್ಧ ದಿನದಲ್ಲಿ ಹೆಸರು ಬದಲಾಗುತ್ತಿತ್ತು. ಹೋಗಲು ವರ್ಷವೇ ಹಿಡಿಯಿತು. ಸೋಮಾರಿತನ ಎಂದು ತಂಗಿ ಬೈದಳು, ಬೈಯಲಿ.

ದುಃಖಕ್ಕೆ ಐದು ಮೆಟ್ಟಿಲುಗಳಿವೆ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ, ಎಂದು ನೀವೂ ಓದಿರಬಹುದು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಇದನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತನಾಡಿಸಿ. ಹಿಂದೆ ಉಳಿದವರನ್ನು ನೋಡಿ ಅಲ್ಲ. ‘ನಾನಿನ್ನೂ ಮೂರನೆಯ ಮೆಟ್ಟಿಲಿನಲ್ಲೇ ಇದ್ದೇನೆ’ ಎಂದು ಲೆಕ್ಕ ಹಾಕುತ್ತ ಕೂರಬೇಡಿ. 1999ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಕೊಟ್ಟ ವಿವರಣೆ ನಮ್ಮ ಅನುಭವಕ್ಕೆ ಹತ್ತಿರವಾಗಿದೆ. ಮನಸ್ಸು ಒಮ್ಮೆ ಹೋದವರ ಕಡೆಗೆ ವಾಲುತ್ತದೆ, ಒಮ್ಮೆ ಬ್ಯಾಂಕು, ಪಿಂಚಣಿ, ಮಕ್ಕಳ ಶಾಲೆಯ ಕಡೆಗೆ. ಈ ತೂಗಾಟವೇ ಚೇತರಿಕೆಯ ದಾರಿ. ಬೆಳಿಗ್ಗೆ ಅತ್ತು ಮಧ್ಯಾಹ್ನ ಗೆಳೆಯರೊಂದಿಗೆ ನಕ್ಕರೆ ಅಪ್ಪನಿಗೆ ದ್ರೋಹ ಬಗೆದಂತಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೆಂದು ನನಗೆ ಅನ್ನಿಸುತ್ತದೆ. ಹದಿಮೂರನೆಯ ದಿನಕ್ಕೆ ಮುಗಿಯಿತು ಎಂದಿದ್ದರೆ ತಿಂಗಳು ತಿಂಗಳಿಗೆ ಮಾಸಿಕ ಏಕೆ, ವರ್ಷಾಂತಿಕ ಏಕೆ? ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಣ್ಣುಮಗಳಿಗೆ ಇದ್ದತ್ ಎಂಬ ಕಾಯುವ ಅವಧಿ ನಾಲ್ಕು ತಿಂಗಳು ಹತ್ತು ದಿನ. ಈಗ ರಜೆ ಸಿಗುವುದಿಲ್ಲವೆಂದು ವರ್ಷದ ಮಾಸಿಕಗಳನ್ನೆಲ್ಲ ಒಂದೇ ದಿನ ಮುಗಿಸಿ ಎದ್ದುಬಿಡುತ್ತೇವೆ. ಶಾಸ್ತ್ರಕ್ಕೆ ಅದು ಸಾಕೇನೋ, ಮನಸ್ಸಿಗೆ ಸಾಲುವುದಿಲ್ಲ.

ನೀವು ಕೇಳಲು ಹಿಂಜರಿದಿರಬಹುದಾದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಅಪ್ಪ ಗೇಟು ತೆಗೆದ ಸದ್ದು ಕೇಳಿಸಿದರೆ, ಅವರು ಅದೇ ಕುರ್ಚಿಯಲ್ಲಿ ಕುಳಿತಂತೆ ಅನ್ನಿಸಿದರೆ, ಬುದ್ಧಿ ಕೆಟ್ಟಿತೆಂದು ಹೆದರಬೇಡಿ. ವೇಲ್ಸ್ ದೇಶದ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರಹತ್ತಿರ ಅರ್ಧದಷ್ಟು ಜನ ಇಂಥ ಅನುಭವ ಹೇಳಿಕೊಂಡಿದ್ದರು. ಹೆಚ್ಚಿನವರು ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭವೂ ಇದೆ. ‘ದೀರ್ಘಕಾಲದ ಶೋಕ’ ಎಂಬ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಗುರುತಿಸುತ್ತದೆ. ಅದಕ್ಕೆ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ವಯಸ್ಕರಿಗೆ ಒಂದು ವರ್ಷ ಎಂದಿತು. ನಿಮಗೆ ಏಳು ತಿಂಗಳು ಎಂದ ಮಾತ್ರಕ್ಕೆ ಗಾಬರಿ ಬೇಡ, ದಿನಗಳ ಎಣಿಕೆಯಷ್ಟೇ ಮುಖ್ಯವಲ್ಲ. ಹಂಬಲ ದಿನವಿಡೀ ಬಿಡದೆ ಕಾಡುತ್ತಿದೆಯೇ? ಸ್ನಾನ, ಊಟ, ಕೆಲಸ ನಿಂತುಹೋಗಿವೆಯೇ? ಬದುಕೇ ಬರಿದೆನ್ನಿಸುತ್ತಿದೆಯೇ? ಹಾಗಿದ್ದರೆ ಹೋಗಿ. ಅವರ ಹಿಂದೆಯೇ ಹೋಗಿಬಿಡೋಣ ಎಂಬ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಿದ್ದೆ ಬರುತ್ತಿಲ್ಲವೆಂದು ಯಾರದೋ ಮಾತ್ರೆ ನುಂಗುವುದು, ಕುಡಿತಕ್ಕೆ ಕೈ ಹಾಕುವುದು ಮಾತ್ರ ಬೇಡ.

ಮನೆಯವರಿಗೆ ಈ ಪತ್ರ ತೋರಿಸಿ. ಅವರು ಕಲ್ಲೆದೆಯವರಲ್ಲ, ನಿಮ್ಮ ಅಳು ಕಂಡು ಕೈಕಾಲಾಡದೆ ಹಾಗೆ ಕೇಳುತ್ತಿರಬಹುದು. ಅಪ್ಪನ ಹೆಸರೆತ್ತಿದರೆ ನಿಮಗೆ ನೋವಾದೀತೆಂದು ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರೆ, ನೀವೇ ಎತ್ತಿ. ಉಪ್ಪಿಟ್ಟಿಗೆ ಅವರು ಸಕ್ಕರೆ ಹಾಕಿಕೊಳ್ಳುತ್ತಿದ್ದರೋ ಉಪ್ಪಿನಕಾಯಿಯೋ, ಅಲ್ಲಿಂದ ಮಾತು ಶುರುವಾಗಲಿ.

ಇನ್ನೈದು ತಿಂಗಳಿಗೆ ವರ್ಷಾಂತಿಕ ಬರುತ್ತದೆ. ಆಗ ಮನೆ ಮತ್ತೆ ತುಂಬುತ್ತದೆ, ಮತ್ತೆ ಖಾಲಿಯಾಗುತ್ತದೆ. ಕಚೇರಿಗೆ ರಜೆ ಹಾಕುವಾಗ ಆ ದಿನಕ್ಕಷ್ಟೇ ಹಾಕಬೇಡಿ, ಮರುದಿನಕ್ಕೂ ಹಾಕಿ.